ಕನ್ನಡಕದ ಮಿಷನ್ನಿಗೆ ಬಿದ್ದ ಪಚ್ಚೆ ಉಂಗುರ

ಹಾಸನದಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಕಣ್ಣು ಪರೀಕ್ಷೆ ಮಾಡುವುದು, ಕನ್ನಡಕ ಕೊಡುವುದು, ಇದೇ ನನ್ನ ಕಸುಬು. ಇಷ್ಟು ವರ್ಷಗಳಲ್ಲಿ ಎಂತೆಂಥ ತಕರಾರಿನ ಗಿರಾಕಿಗಳನ್ನೋ ಸಮಾಧಾನ ಮಾಡಿ ಕಳಿಸಿದ್ದೇನೆ. ನನ್ನನ್ನು ಸೋಲಿಸಿದ್ದು ಒಬ್ಬರೇ, ನನ್ನ ಸ್ವಂತ ಅಕ್ಕ.

ಅಕ್ಕ ಇರುವುದು ಹೊಳೆನರಸೀಪುರದಲ್ಲಿ. ಬಾವ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಅವಳು ಮೂರು ಕನ್ನಡಕ ಬದಲಾಯಿಸಿದ್ದಳು. ಪ್ರತಿ ಸಲವೂ ಬಸ್ಸಿಳಿದು ನೇರ ಅಂಗಡಿಗೆ ಬಂದು, ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಗೋಡೆಯ ಅಕ್ಷರಗಳನ್ನೆಲ್ಲ ಗಡಗಡ ಓದುತ್ತಿದ್ದಳು. ಕೊನೆಯ ಸಾಲು ಮುಗಿದ ಮೇಲೆ, ಅದರ ಕೆಳಗೆ ಅಚ್ಚು ಹಾಕಿದವರು ಇರುವೆ ಗಾತ್ರದಲ್ಲಿ ಬರೆದುಕೊಂಡ ಊರಿನ ಹೆಸರನ್ನೂ ಬಿಡುತ್ತಿರಲಿಲ್ಲ. ಆಮೇಲೆ ಹೊಸ ಕನ್ನಡಕ ಏರಿಸಿ, ತನ್ನ ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡು, ಬಾಯಿ ಸೊಟ್ಟ ಮಾಡುತ್ತಿದ್ದಳು.

“ಸರಿಯಾಗಿ ಕಾಣಾಕಿಲ್ಲ ಕಣ್ಲಾ.”

“ಏನು ಕಾಣಲ್ಲ ಅಕ್ಕ?”

“ಏನೋ ಒಂದು. ಕಾಣಾಕಿಲ್ಲ ಅಂದ್ರೆ ಕಾಣಾಕಿಲ್ಲ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೂ ಅಕ್ಕನ ಎದುರು ಅದು ಅಲ್ಲೇ ಕೂತಿರಬೇಕು, ಕೆಳಗಿಳಿಯುವಂತಿಲ್ಲ. ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಹಲ್ಲು ಕಚ್ಚಿಕೊಂಡು ಇನ್ನೊಂದು ಗಾಜು ತಿದ್ದಿಸಿ ಕೊಡುತ್ತಿದ್ದೆ.

ಈ ನಡುವೆ ನನ್ನ ಅಂಗಡಿಗೆ ಒಂದು ಮಿಷನ್ನು ಬಂತು. ಟಿಫನ್ ಡಬ್ಬಿಯಷ್ಟು ದೊಡ್ಡದು, ಒಳಗೆ ಸ್ಟೀಲಿನ ಪುಟ್ಟ ತೊಟ್ಟಿ. ತೊಟ್ಟಿಗೆ ಸೋಪಿನ ನೀರು ಹಾಕಿ, ಕನ್ನಡಕ ಇಳಿಬಿಟ್ಟು, ಗುಂಡಿ ಒತ್ತಿದರೆ ಗುಂಯ್ ಎನ್ನುತ್ತದೆ. ಕಣ್ಣಿಗೆ ಕಾಣದ ಹಾಗೆ ನೀರು ನಡುಗಿ, ಕನ್ನಡಕದ ಸಂದುಗೊಂದಿನ ಜಿಡ್ಡೆಲ್ಲ ಹೊಗೆಯ ಹಾಗೆ ಈಚೆ ಬರುತ್ತದೆ. ನೋಡುವುದಕ್ಕೆ ಬಲು ಸೊಗಸು. ಮೊದಲ ವಾರ ನಾನು ಗಿರಾಕಿಗಳ ಕನ್ನಡಕ ಸಾಲದೆ ಅಂಗಡಿಯ ಬೀಗದ ಕೈ, ಪೆನ್ನಿನ ಮುಚ್ಚಳ, ದೇವರ ಪಟದ ಮುಂದಿನ ಗಂಟೆ ಎಲ್ಲವನ್ನೂ ತೊಳೆದೆ.

ಆಮೇಲೆ ನೆಂಟರಿಗೆ ಸುದ್ದಿ ಮುಟ್ಟಿತು. ನಮ್ಮ ಕಡೆ ನೆಂಟರಿಗೆ ಏನಾದರೂ ಪುಕ್ಕಟೆ ಸಿಗುತ್ತದೆ ಎಂದು ಗೊತ್ತಾದರೆ ಆ ಸುದ್ದಿ ಬಸ್ಸಿಗಿಂತ ಮೊದಲು ಊರು ಸೇರುತ್ತದೆ. ಶಾಂತಿಗ್ರಾಮದ ಚಿಕ್ಕಮ್ಮ ಕಾಲುಂಗುರ ತಂದರು. ದುದ್ದದ ಸೋದರಮಾವ ಅಂಗಡಿಯೊಳಗೆ ಬಂದು, ಅತ್ತ ಇತ್ತ ನೋಡಿ, ಬಾಯೊಳಗಿಂದ ಹಲ್ಲುಸೆಟ್ಟನ್ನೇ ತೆಗೆದು ನನ್ನ ಕೈಗಿಟ್ಟರು. ಅರಕಲಗೂಡಿನ ಚಿಕ್ಕಪ್ಪ ಹೋರಿಯ ಕೊರಳ ಗೆಜ್ಜೆಯನ್ನು ಗೋಣಿಚೀಲದಲ್ಲಿ ಹೊತ್ತು ತಂದು, ತೊಟ್ಟಿ ಚಿಕ್ಕದಾಯಿತೆಂದು ನನ್ನನ್ನೇ ಬೈದು ಹೋದರು.

“ರೀ, ಇದು ಕನ್ನಡಕದಂಗಡಿಯೋ, ಪಾತ್ರೆ ತೊಳೆಯೋ ಜಾಗವೋ?” ಎಂದು ನನ್ನ ಹೆಂಡತಿ ಕೇಳಿದಳು. ಅವಳ ಮಾಂಗಲ್ಯದ ಸರವನ್ನೂ ತೊಳೆದುಕೊಟ್ಟೆ. ಫಳಫಳ ಹೊಳೆಯಿತು. ಅವಳ ಬಾಯಿ ಮುಚ್ಚಿತು.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಹತ್ತು ದಿನವಿದೆ ಎನ್ನುವಾಗ ಅಕ್ಕ ಬಂದಳು. ಈ ಸಲ ಕನ್ನಡಕದ ಮಾತಿಲ್ಲ. ಸೆರಗಿನ ತುದಿಯ ಗಂಟು ಬಿಚ್ಚಿ ತನ್ನ ಪಚ್ಚೆ ಉಂಗುರ ತೆಗೆದು ಮೇಜಿನ ಮೇಲಿಟ್ಟಳು.

ಆ ಉಂಗುರದ ಕತೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಬಾವ ನೀರುಗಂಟಿಯಾಗಿದ್ದವರು. ಗದ್ದೆಗಳಿಗೆ ನಾಲೆಯ ನೀರು ಬಿಡುವುದು, ನಿಲ್ಲಿಸುವುದು, ತೂಬಿನ ಹತ್ತಿರ ಜಗಳವಾದರೆ ಬಿಡಿಸುವುದು ಅವರ ಕೆಲಸ. ಜಗಳ ಬಿಡಿಸುವಾಗಲೂ ಅವರು ಮಾತಾಡುತ್ತಿರಲಿಲ್ಲ, ಇಬ್ಬರ ನಡುವೆ ಹೋಗಿ ನಿಲ್ಲುತ್ತಿದ್ದರು ಅಷ್ಟೆ. ಅಷ್ಟು ಮೌನಿ. ಮದುವೆಯಾದ ಹೊಸತರಲ್ಲಿ ಅವರ ತಾಯಿ ಇದನ್ನೊಂದು ಕಾಯಿಲೆ ಎಂದುಕೊಂಡು ಅರಕಲಗೂಡಿನ ಕಡೆಯ ಒಬ್ಬ ಜೋಯಿಸರಿಗೆ ಜಾತಕ ತೋರಿಸಿದರು. ಬುಧ ಕೆಟ್ಟಿದ್ದಾನೆ, ಪಚ್ಚೆ ಕಟ್ಟಿಸಿ ಕಿರುಬೆರಳಿಗೆ ಹಾಕಿ, ಮಾತು ಹರಿಯುತ್ತದೆ ಎಂದರು ಜೋಯಿಸರು. ಬಾವ ಎಲ್ಲಿಂದಲೋ ಒಂದು ಸಣ್ಣ ಪಚ್ಚೆ ತಂದು ಉಂಗುರ ಕಟ್ಟಿಸಿದರು. ಕಟ್ಟಿಸಿದ್ದು ತಮ್ಮ ಬೆರಳಿನ ಅಳತೆಗಲ್ಲ, ಅಕ್ಕನ ಬೆರಳಿನ ಅಳತೆಗೆ. ಅಕ್ಕನ ಅತ್ತೆ ಕೂಗಾಡಿದರಂತೆ. ಬಾವ ಆ ದಿನ ಆಡಿದ ಮಾತು ಇಷ್ಟೇ: “ನಂಗ್ಯಾಕವ್ವ ಮಾತು? ನನ್ನ ಪಾಲಿಂದೂ ಇವ್ಳೇ ಆಡ್ಲಿ.”

ಅಕ್ಕ ಅಂದಿನಿಂದ ಇಬ್ಬರ ಪಾಲಿನದನ್ನೂ ಆಡುತ್ತ ಬಂದಳು. ಬಾವ ಅವಳಿಗೆಂದು ತಂದುಕೊಟ್ಟ ಒಡವೆ ಅದೊಂದೇ. ಮುದ್ದೆ ತೊಳಸುವಾಗ, ತಲೆಗೆ ಎಣ್ಣೆ ಹಚ್ಚುವಾಗ, ಕೊಟ್ಟಿಗೆ ಬಳಿಯುವಾಗ, ಯಾವಾಗಲೂ ಅದು ಬೆರಳಿನಲ್ಲೇ.

“ಕಲ್ಲಿನ ಕೆಳೀಕೆ ರಾಗಿಹಿಟ್ಟು ಕೂತೈತೆ. ಅಮಾಸೆ ದಿನ ಎಡೇಲಿ ಇಡ್ಬೇಕು ಅಂತಿವ್ನಿ. ಅವ್ರು ಕೊಟ್ಟಿದ್ದು, ಒಂದ್ಸಲ ಅವ್ರೂ ನೋಡ್ಲಿ. ನಿನ್ನ ಮಿಷನ್ನಿಗೆ ಆಕಿ ಚೆಂದಾಗಿ ಮಾಡ್ಕೊಡ್ಲಾ. ಉಷಾರು. ಇದು ಕಳ್ದೋದ್ರೆ ನನ್ನತ್ರ ಅವ್ರುದು ಏನೂ ಇಲ್ಲ.”

“ಎರಡೇ ನಿಮಿಷ ಅಕ್ಕ.”

“ಬಸ್ಸು ಐತೆ, ನಾ ನಿಲ್ಲಾಕಿಲ್ಲ. ಅಮಾಸೆಗೆ ಊಟಕ್ಕೆ ಬತ್ತೀಯಲ್ಲ, ಆಗ್ಲೇ ತಗಬಾ.”

ಅವಳು ಅತ್ತ ಹೋದಳು, ನಾನು ಇತ್ತ ಮಿಷನ್ನಿಗೆ ನೀರು ತುಂಬಿದೆ. ಅಕ್ಕನ ಉಂಗುರವಲ್ಲವೇ ಎಂದು ವಿಶೇಷ ಪ್ರೀತಿಯಿಂದ ಫ್ಲಾಸ್ಕಿನ ಬಿಸಿನೀರನ್ನೇ ಸುರಿದೆ. ಸೋಪನ್ನೂ ಎರಡು ಪಾಲು ಹಾಕಿದೆ. ಗುಂಡಿ ಒತ್ತಿದೆ. ಉಂಗುರದ ಕೆಳಗಿನಿಂದ ವರ್ಷಗಟ್ಟಲೆ ಕೂತಿದ್ದ ರಾಗಿಹಿಟ್ಟು ಮೋಡದ ಹಾಗೆ ಎದ್ದು ಬಂತು. ಖುಷಿಯಾಗಿ ಇನ್ನೊಂದು ಸುತ್ತು ಒತ್ತಿದೆ. ಕೊನೆಗೆ ಮತ್ತೊಂದು ಸುತ್ತು, ಸುಮ್ಮನೆ ನೋಡುವ ಚಪಲಕ್ಕೆ.

ಈಚೆ ತೆಗೆದು ಒರೆಸಿ ನೋಡಿದೆ. ಚಿನ್ನ ನಿನ್ನೆ ಕಟ್ಟಿಸಿದ ಹಾಗಿತ್ತು. ಪಚ್ಚೆ ಮಾತ್ರ ಸವೆದ ಸೋಪಿನ ಬಿಲ್ಲೆಯ ಬಣ್ಣಕ್ಕೆ ತಿರುಗಿತ್ತು. ಸಾಲದ್ದಕ್ಕೆ ಕಲ್ಲಿನೊಳಗೆ ಒಂದು ಬಿಳಿಯ ಗೆರೆ ಎದ್ದಿತ್ತು. ಮೇಲಿನ ಮೂಲೆಯಿಂದ ಹೊರಟು, ನಡುವೆ ಸ್ವಲ್ಪ ತಿರುಗಿ, ಕೆಳಗಿನ ಅಂಚಿನವರೆಗೆ. ಬಾವನ ಒಂದೇ ಒಂದು ವಸ್ತುವನ್ನು ಎರಡು ನಿಮಿಷದಲ್ಲಿ ಸೀಳಿಹಾಕಿದ್ದೆ.

ಮೊದಲು ನನಗೆ ಅನುಮಾನ ಬಂದದ್ದು ನನ್ನ ಕಣ್ಣಿನ ಮೇಲೆ. ಬಾಗಿಲು ಅರ್ಧ ಎಳೆದು, ಪರೀಕ್ಷೆಯ ಕುರ್ಚಿಯಲ್ಲಿ ನಾನೇ ಕೂತು, ಒಂದು ಕಣ್ಣು ಮುಚ್ಚಿಕೊಂಡು ಅಕ್ಷರಗಳನ್ನು ಜೋರಾಗಿ ಓದಿದೆ. ಬಣ್ಣ ಗುರುತಿಸುವ ಚುಕ್ಕಿಗಳ ಪುಸ್ತಕ ತೆಗೆದು ಅದರಲ್ಲಡಗಿದ ಅಂಕಿಗಳನ್ನೂ ಓದಿದೆ. ಕಣ್ಣು ಸರಿಯಾಗಿತ್ತು. ಈ ಕಸುಬಿನ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಸರಿಯಿಲ್ಲದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆಮೇಲೆ ತಪ್ಪು ಮಾಡಿದವರೆಲ್ಲ ಮಾಡುವ ಕೆಲಸ ಮಾಡಿದೆ. ಹೆಂಡತಿಗೆ ಹೇಳಿದೆ. ಅವಳು ಬೈಯಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ಕಳೆ ಹೋಗಿದ್ರೆ ಎಣ್ಣೇಲಿಡಿ,” ಎಂದು ಒಂದು ಬಟ್ಟಲು ಕೊಬ್ಬರಿ ಎಣ್ಣೆ ತಂದಿಟ್ಟಳು. ಒಂದು ಮಧ್ಯಾಹ್ನವೆಲ್ಲ ಉಂಗುರ ಅದರಲ್ಲಿ ಮುಳುಗಿತ್ತು. ಗೆರೆ ಸ್ವಲ್ಪ ಮಸುಕಾದಂತೆ ಕಂಡಿತು, ಉಂಗುರ ಮಾತ್ರ ಒಗ್ಗರಣೆಗೆ ಸಿದ್ಧವಾದಂತೆ ನಾರತೊಡಗಿತು. ಅರಕಲಗೂಡಿನ ಚಿಕ್ಕಪ್ಪನಿಗೆ ಅದು ಹೇಗೋ ತಿಳಿದು ಫೋನು ಮಾಡಿದರು.

“ಲೇ, ಪಚ್ಚೆ ಅಂದ್ರೆ ಅಸುರು ಕಣ್ಲಾ. ಅಸುರಿನ ಜೊತೇಲಿಟ್ರೆ ಅಸುರು ಬತ್ತದೆ. ಒಂದು ಕಟ್ಟು ವೀಳ್ಯದೆಲೆ ತಂದು ಮಧ್ಯಕ್ಕೆ ಮಡಗು.”

ಇದು ಮೂರ್ಖತನ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಕಿನ ಗುಣ, ಗಾಜಿನ ಗುಣ ಓದಿಕೊಂಡವನು ನಾನು. ಆದರೂ ಮಾರುಕಟ್ಟೆಗೆ ಹೋಗಿ ಒಂದು ಕಟ್ಟು ವೀಳ್ಯದೆಲೆ ತಂದು, ಚಿಗುರೆಲೆಯೇ ಆರಿಸಿ, ಉಂಗುರವನ್ನು ನಡುವೆ ಇಟ್ಟು ಒದ್ದೆ ಬಟ್ಟೆ ಸುತ್ತಿದೆ. ಮಾರನೆಯ ದಿನ ಚಿಕ್ಕಪ್ಪ ಮತ್ತೆ ಫೋನು ಮಾಡಿ, “ಬಣ್ಣ ಬಂತಾ?” ಎಂದರು. ಬಂದಿರಲಿಲ್ಲ. “ಎಲೆ ವಣಗಿದ್ದು ಅನ್ಸತ್ತೆ,” ಎಂದರು. ಆಮೇಲೆ ದಿನಕ್ಕೆರಡು ಸಲ ವಿಚಾರಿಸತೊಡಗಿದರು, ಆಸ್ಪತ್ರೆಯಲ್ಲಿ ಮಲಗಿದವರನ್ನು ವಿಚಾರಿಸುವ ಹಾಗೆ.

ಕೊನೆಗೆ ಬುದ್ಧಿ ಬಂದು, ಅಂಗಡಿಯ ಭೂತಗನ್ನಡಿಯನ್ನು ಉಂಗುರದ ಮೇಲೆ ಹಿಡಿದು, ಅದರ ಮೂಲಕ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಗೆರೆ ಅಂಗೈ ಗೆರೆಗಿಂತ ಸ್ಪಷ್ಟವಾಗಿ ಬಂತು. ಅದನ್ನು ಚನ್ನರಾಯಪಟ್ಟಣದಲ್ಲಿ ನಮಗೆ ಗೊತ್ತಿರುವ ಒಬ್ಬ ಅಕ್ಕಸಾಲಿಗೆ ವಾಟ್ಸಾಪ್ ಮಾಡಿದೆ. ವಯಸ್ಸಾದವರು, ನಮ್ಮ ಮದುವೆಯ ಒಡವೆ ಮಾಡಿದವರು. ಅವರು ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು.

“ಮಿಷನ್ನಿಗೆ ಆಕಿದ್ರಾ ಸಾ?”

“ಹೂಂ,” ಎಂದೆ.

“ತಗಂಡು ಬನ್ನಿ. ಇನ್ನೇನೂ ಮಾಡಬ್ಯಾಡಿ. ಕೈ ಮುಗೀತೀನಿ, ಏನೂ ಮಾಡಬ್ಯಾಡಿ.”

ಉಂಗುರವನ್ನು ಹತ್ತಿಯಲ್ಲಿ ಸುತ್ತಿ, ಕನ್ನಡಕದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಎದೆಗೆ ಹಿಡಿದು ಬಸ್ಸಿನಲ್ಲಿ ಕೂತೆ. ಬಸ್ಸು ಹಳ್ಳಕ್ಕಿಳಿದಾಗಲೆಲ್ಲ ನಾನು ಸೀಟಿನಿಂದ ಅರ್ಧ ಎದ್ದು ನಿಲ್ಲುತ್ತಿದ್ದೆ. ಶಾಂತಿಗ್ರಾಮದಲ್ಲಿ ಪಕ್ಕಕ್ಕೆ ಬಂದು ಕೂತ ಹೆಂಗಸು ಇದನ್ನು ಸ್ವಲ್ಪ ಹೊತ್ತು ನೋಡಿ, “ಮೂಲವ್ಯಾಧಿನಾ ಸಾ?” ಎಂದು ಬಹಳ ಕನಿಕರದಿಂದ ಕೇಳಿದರು. ಹೌದು ಎಂದೆ. ಚನ್ನರಾಯಪಟ್ಟಣ ಬರುವವರೆಗೂ ಮೂಲಂಗಿಯ ಉಪಯೋಗ ಹೇಳಿದರು.

ಅಕ್ಕಸಾಲಿ ಉಂಗುರವನ್ನು ಮೂಸಿ ನೋಡಿದರು. “ಕೊಬ್ಬರಿ ಎಣ್ಣೆ,” ಎಂದರು. ಇನ್ನೊಂದು ಸಲ ಮೂಸಿದರು. “ವೀಳ್ಯದೆಲೆ ಯಾಕೆ?” ಎಂದರು. ನಾನು ಹೊರಗಿನ ರಸ್ತೆ ನೋಡಿದೆ.

ಉಂಗುರ ಸದಾ ಅಕ್ಕನ ಬೆರಳಲ್ಲೇ ಇರುತ್ತಿತ್ತು ಎಂದಷ್ಟೇ ಹೇಳಿದೆ. ಅವರು ದೀಪದ ಕೆಳಗೆ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ನಕ್ಕರು. “ಒಡೆದಿಲ್ಲ ಸಾ. ಈ ಗೆರೆ ಕಲ್ಲು ಉಟ್ಟಿದಾಗಿಂದ ಐತೆ. ಪಚ್ಚೆ ಅಂದ್ಮೇಲೆ ಒಳಗೆ ಗೆರೆ ಇದ್ದೇ ಇರ್ತದೆ. ಒಂದೂ ಗೆರೆ ಇಲ್ಲ ಅಂದ್ರೆ ಇದು ಗಾಜಿರ್ಬೋದಾ ಅಂತ ನಾನು ಮೊದ್ಲು ನೋಡೋದು. ನಿಮ್ಮಕ್ಕ ತಲೆಗೆ ಎಣ್ಣೆ ಆಕ್ವಾಗ ಕೈಯಲ್ಲೇ ಇತ್ತಲ್ಲ, ಆ ಜಿಡ್ಡನ್ನ ವರ್ಸಗಟ್ಲೆ ಕುಡ್ಕಂಡು ಗೆರೆ ಮುಚ್ಕಂಡಿತ್ತು. ನಿಮ್ಮ ಮಿಷನ್ನು ಎಲ್ಲಾನೂ ಕಕ್ಕಿಸಿಬುಡ್ತು.”

ಹೋದ ಜೀವ ಬಂದಂತಾಯಿತು. ಆಮೇಲೆ ಅವರು ಪಚ್ಚೆಯ ಪಥ್ಯ ಹೇಳಲು ಶುರು ಮಾಡಿದರು. ಬಿಸಿನೀರು ಕೂಡದು, ಹಬೆ ಕೂಡದು. ಚಿನ್ನವನ್ನು ಬೇಯಿಸುವ ಹಾಗೆ ಅಂಟುವಾಳದ ನೀರಿನಲ್ಲಿ ಬೇಯಿಸಕೂಡದು. ನಿಂಬೆಹಣ್ಣು, ಹುಣಸೆಹಣ್ಣು, ಹಲ್ಲಿನ ಪೇಸ್ಟು, ಅಡುಗೆ ಸೋಡಾ ಯಾವುದೂ ಹತ್ತಿರ ಸುಳಿಯಕೂಡದು. ಮಗುವಿಗೆ ಮೊಣಕೈ ಅದ್ದಿ ನೋಡುತ್ತಾರಲ್ಲ, ಅಷ್ಟೇ ಬೆಚ್ಚನೆಯ ನೀರು. ಅದಕ್ಕೆ ಒಂದು ತೊಟ್ಟು ಮಕ್ಕಳ ಶಾಂಪೂ. ಮಕ್ಕಳು ಹಲ್ಲುಜ್ಜುವ ಮೆತ್ತನೆಯ ಬ್ರಷ್ಷಿನಿಂದ ಕಲ್ಲಿನ ಬೆನ್ನ ಕಡೆ ನಿಧಾನ ಸವರಬೇಕು. ನೆನೆಹಾಕಬಾರದು. ಹಳೆಯ ಪಂಚೆಯ ತುಂಡಿನಲ್ಲಿ ಒತ್ತಿ ಒರೆಸಿ, ಬಿಸಿಲಿಗಲ್ಲ, ನೆರಳಿಗೆ ಇಡಬೇಕು. ಬೇರೆ ಒಡವೆಗಳಿಗೆ ತಗುಲದ ಹಾಗೆ ಬೇರೆ ಬಟ್ಟೆಯಲ್ಲಿ ಸುತ್ತಿಡಬೇಕು. ಅಡುಗೆ ಮನೆಗೆ ಹೋಗುವಾಗ, ಫಿನಾಯಿಲು ಮುಟ್ಟುವಾಗ, ಸೆಂಟು ಹಾಕುವಾಗ ತೆಗೆದಿಡಬೇಕು.

“ಬಾಣಂತಿಗೂ ಇಷ್ಟು ಪಥ್ಯ ಇಲ್ಲವಲ್ಲ,” ಎಂದು ನಾನು ಸಿಡುಕಿದೆ.

“ಬಾಣಂತಿ ನಲವತ್ತು ದಿನಕ್ಕೆ ಎದ್ದು ಓಡಾಡ್ತಾಳೆ ಸಾ. ಇದು ಜೀವನಪೂರ್ತಿ ಇಂಗೆಯ.”

ಪಚ್ಚೆಗೆಂದೇ ಒಂದು ಎಣ್ಣೆಯಿದೆ, ಅದನ್ನು ಕುಡಿಸಿದರೆ ಗೆರೆ ಮತ್ತೆ ಮುಚ್ಚಿಕೊಂಡು ಬಣ್ಣ ಬರುತ್ತದೆ, ಮೂರು ದಿನ ಬಿಟ್ಟು ಬನ್ನಿ ಎಂದರು. ಮೂರು ದಿನ ಬಿಟ್ಟು ಹೋದೆ. ಉಂಗುರ ಮಳೆ ಬಿದ್ದ ಮಾರನೆಯ ದಿನದ ಗದ್ದೆಯ ಹಾಗೆ ದಟ್ಟ ಹಸಿರಾಗಿತ್ತು. ಗೆರೆ ಎಲ್ಲಿತ್ತು ಎಂದು ಹುಡುಕಿದರೂ ಸಿಗಲಿಲ್ಲ. ಕೈಗೆ ಕೊಡುವಾಗ ಅಕ್ಕಸಾಲಿ ನಗಲಿಲ್ಲ. “ಇನ್ನೊಂದಪ ಆ ಮಿಷನ್ನಿಗೆ ಆಕುದ್ರೆ ಎರಡು ಓಳಾಗ್ತದೆ. ಆಮೇಲೆ ನಂತಾವ ಬರಬ್ಯಾಡಿ,” ಎಂದರು.

ಅಮಾವಾಸ್ಯೆಯ ದಿನ ಹೊಳೆನರಸೀಪುರಕ್ಕೆ ಹೋದಾಗ ನಾನು ಪರೀಕ್ಷೆ ಪಾಸಾದ ಹುಮ್ಮಸ್ಸಿನಲ್ಲಿದ್ದೆ. ನಡೆದದ್ದನ್ನು ಅಕ್ಕನಿಗೆ ಹೇಳುವ ಅಗತ್ಯವೇ ಇಲ್ಲ ಎಂದು ತೀರ್ಮಾನಿಸಿದ್ದೆ. ನಡುಮನೆಯಲ್ಲಿ ಬಾವನ ಫೋಟೋದ ಮುಂದೆ ಬಾಳೆಲೆ ಹಾಸಿ ಎಡೆ ಇಟ್ಟಿದ್ದರು. ಮುದ್ದೆ, ಬಾಡಿನ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ, ಹೊಸ ಪಂಚೆ, ಅವರ ಹಳೆಯ ಟಾರ್ಚು. ನಮ್ಮಲ್ಲಿ ಎಡೆ ಇಟ್ಟ ಮೇಲೆ ಬಾಗಿಲು ಮುಚ್ಚಿ ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತೇವೆ. ಹೋದವರು ಬಂದು ನೆಮ್ಮದಿಯಾಗಿ ಉಣ್ಣಲಿ, ಯಾರೂ ನೋಡಬಾರದು ಎಂದು.

ಅಕ್ಕನ ಅಂಗೈ ಮೇಲೆ ಉಂಗುರ ಇಟ್ಟೆ. ಅವಳು ಕಿಟಕಿಯ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಕಲ್ಲನ್ನು ಬೆಳಕಿಗೆ ಹಿಡಿದಳು. ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಮುಖ ಸಪ್ಪಗಾಯಿತು.

“ಚೆಂದಾಗೈತೆ ಬುಡು,” ಎಂದಳು. ಆಮೇಲೆ, “ಈ ಕನ್ನಡಕಾನೂ ಸರಿಯಿಲ್ಲ ಕಣ್ಲಾ,” ಎಂದಳು.

ಮೂಗಿನ ತುದಿಯಲ್ಲಿ ಎರಡು ವರ್ಷದಿಂದ ಕೂತಿದ್ದ ಸಿಟ್ಟು ಅವತ್ತು ಇಳಿದುಬಿಟ್ಟಿತು. “ಮೂರು ಕನ್ನಡಕ ಅಕ್ಕ! ಮೂರು! ಇರುವೆ ಸಾಲಿನಷ್ಟು ಸಣ್ಣ ಅಕ್ಷರ ಓದ್ತೀಯ, ಏನು ಕಾಣಲ್ಲ ನಿಂಗೆ? ಇವತ್ತು ಹೇಳ್ಬೇಕು ನೀನು!”

ಎಡೆಯ ಮುಂದೆ ಕೂಗಾಡಬಾರದು. ಆದರೂ ಕೂಗಿದೆ. ಅಕ್ಕ ಹೆದರಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಮೆಲ್ಲಗೆ ಹೇಳಿದಳು.

“ಈ ಕಲ್ಲೊಳಗೆ ಒಂದು ಗೆರೆ ಇತ್ತು ಕಣ್ಲಾ. ಗೆರೆ ಇರೋದ್ಕೇನೆ ನಂ ಕೈಗೆ ಎಟುಕಿದ್ದು ಅದು. ತಂದ್ಕೊಟ್ಟ ದಿನ ಅವ್ರು ತೋರ್ಸಿದ್ರು. ‘ನೋಡು, ಇದು ನಮ್ಮ ನಾಲೆ. ಇಲ್ಲಿ ತಿರುಗ್ತದಲ್ಲ, ಇದೇ ನನ್ನ ತೂಬು’ ಅಂದ್ರು. ಜೀವಮಾನದಲ್ಲಿ ಅವ್ರು ನಂಜೊತೆ ಆಡಿದ ತಮಾಸೆ ಅದೊಂದೇ. ಅವ್ರಿದ್ದಾಗ ನಾ ಮತ್ತೆ ನೋಡ್ಲೇ ಇಲ್ಲ, ಪುರುಸೊತ್ತೆಲ್ಲಿತ್ತು? ಅವ್ರು ತೀರ್ಕಂಡ್ಮೇಲೆ ನೋಡ್ತೀನಿ, ಕಾಣಾಕಿಲ್ಲ. ಕಣ್ಣೇ ಓಯ್ತು ಅಂದ್ಕಂಡೆ.”

ಅವಳು ಕುರ್ಚಿಯಲ್ಲಿ ಕೂತು ಕೈ ನೋಡಿಕೊಳ್ಳುತ್ತಿದ್ದದ್ದು ನೆನಪಾಯಿತು. ಆ ಗೆರೆ ಹತ್ತು ದಿನದ ಹಿಂದೆ ನನ್ನ ಮುಂದೆ ಎದ್ದು ನಿಂತಿತ್ತು. ಅದನ್ನು ಮುಚ್ಚುವುದಕ್ಕೆ ನಾನು ಎಣ್ಣೆ, ವೀಳ್ಯದೆಲೆ, ಬಸ್ಸು ಎಲ್ಲಕ್ಕೂ ಓಡಾಡಿದ್ದೆ. ಯಶಸ್ವಿಯಾಗಿ ಮುಚ್ಚಿಸಿಕೊಂಡೂ ಬಂದಿದ್ದೆ. ಒಂದನ್ನೂ ಬಿಡದೆ ಎಲ್ಲವನ್ನೂ ಹೇಳಿದೆ.

“ಗೆರೆ ಕಂಡಿತ್ತಾ?” ಅಕ್ಕ ನನ್ನ ಅಂಗಿ ಹಿಡಿದುಕೊಂಡಳು. “ಆಗಾದ್ರೆ ಇನ್ನೊಂದಪ ಆಕ್ಲಾ ಆ ಮಿಷನ್ನಿಗೆ!”

“ಎರಡು ಹೋಳಾಗುತ್ತೆ ಅಂದಿದಾರೆ ಅಕ್ಕ.”

ಅವಳ ಕೈ ಸಡಿಲವಾಯಿತು. ಆಗ ನನಗೆ ಹೊಳೆಯಿತು. ಮೊಬೈಲು ತೆಗೆದು ಆ ಫೋಟೋ ಹುಡುಕಿ ಅವಳ ಕೈಗೆ ಕೊಟ್ಟೆ. ಅವಳು ಎರಡು ಬೆರಳಿನಿಂದ ಹಿಗ್ಗಿಸಿದಳು. ಬೆರಳಿಟ್ಟು ಗೆರೆಯ ಮೇಲೆ ಮೆಲ್ಲಗೆ ಎಳೆದಳು. ಮೇಲಿನ ಮೂಲೆಯಿಂದ ಬಂದು, ತಿರುಗುವ ಜಾಗದಲ್ಲಿ ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಇಬ್ಬರ ಪಾಲಿನ ಮಾತನ್ನೂ ಆಡುತ್ತಿದ್ದ ಅಕ್ಕ ಒಂದು ಮಾತೂ ಆಡಲಿಲ್ಲ.

ಆಮೇಲೆ ಕಣ್ಣೊರೆಸಿಕೊಂಡು, ಉಂಗುರವನ್ನು ಎಲೆಯ ತುದಿಗಿಟ್ಟು, ಅದರ ಪಕ್ಕ ನನ್ನ ಮೊಬೈಲನ್ನೂ ಇಟ್ಟಳು. “ಅವ್ರೂ ನೋಡ್ಲಿ.” ಎಲ್ಲರೂ ಹೊರಡುವಷ್ಟರಲ್ಲಿ ಮೊಬೈಲಿನ ಬೆಳಕು ಆರಿತು. ನಾನು ಮುಟ್ಟಿದೆ, ಹತ್ತಿತು. ಮತ್ತೆ ಆರಿತು. ಆರದ ಹಾಗೆ ಮಾಡಬಹುದು ಎಂದು ನನ್ನ ಮಗಳು ಆಮೇಲೆ ಹೇಳಿಕೊಟ್ಟಳು, ಅವತ್ತು ನನಗೆ ಗೊತ್ತಿರಲಿಲ್ಲ.

“ನೀ ಒಳಗೇ ಕೂತ್ಕ, ಮುಟ್ತಾ ಇರು,” ಎಂದಳು ಅಕ್ಕ.

“ಬದುಕಿರೋರು ನೋಡಬಾರದಲ್ಲ ಅಕ್ಕ!”

“ಕಣ್ಣು ಮುಚ್ಕ.”

ಬಾಗಿಲು ಮುಚ್ಚಿದರು. ಊರಿಗೆಲ್ಲ ಕಣ್ಣು ಕಾಣಿಸುವ ನಾನು, ಬಾಡಿನ ಸಾರಿನ ಘಮದ ನಡುವೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಲೆಕ್ಕ ಹಾಕಿಕೊಂಡು ಮೊಬೈಲಿನ ಗಾಜು ಮುಟ್ಟುತ್ತ ಕೂತೆ. ನಡುವೆ ಅದು ರಿಂಗಾಯಿತು. ಕುರುಡಾಗಿ ತಡಕಿ ಎತ್ತಿದ್ದಾಯಿತು. “ಬಣ್ಣ ಬಂತೇನ್ಲಾ?” ಎಂದರು ಅರಕಲಗೂಡಿನ ಚಿಕ್ಕಪ್ಪ. ಎಡೆಯ ಮುಂದೆ ಪಿಸುಮಾತಿನಲ್ಲಿ “ಬಂತು” ಎಂದು ಇಟ್ಟೆ. ಮೊಬೈಲಿನಲ್ಲಿ ಗೆರೆ ಮತ್ತೆ ಬಂದಿದೆಯೋ ಇಲ್ಲವೋ ಎಂದು ನೋಡುವಷ್ಟು ಮಾತ್ರ ಅರ್ಧ ಕಣ್ಣು ತೆರೆದೆ. ಬಂದಿತ್ತು. “ತಪ್ಪಾಯ್ತು ಬಾವ,” ಎಂದೆ. ಅವರು ಎಂದಿನಂತೆ ಏನೂ ಹೇಳಲಿಲ್ಲ.

ಬಾಗಿಲು ತೆರೆದು ಬಂದ ಅಕ್ಕ ಮೊದಲು ಎಲೆಯನ್ನಲ್ಲ, ನನ್ನ ಮುಖವನ್ನು ನೋಡಿದಳು.

“ನೋಡುದ್ರಾ?”

“ನೋಡಿದ್ರು ಕಣಕ್ಕ.”

ಅವಳು ಉಂಗುರವನ್ನು ಬೆರಳಿಗೆ ಏರಿಸಿಕೊಂಡಳು. ಮುದ್ದೆಯ ತಪ್ಪಲೆಯತ್ತ ಹೊರಟವಳು ಪಥ್ಯ ನೆನಪಾಗಿ ನಿಂತು, ಉಂಗುರ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ನನ್ನ ಮೊಬೈಲನ್ನು ಕೈಗೆ ಕೊಡುವ ಮೊದಲು ಕನ್ನಡಕದೊಳಗಿಂದ ಇನ್ನೊಮ್ಮೆ ಆ ಫೋಟೋ ನೋಡಿದಳು.

“ಕನ್ನಡಕ ಚೆಂದಾಗೈತೆ ಕಣ್ಲಾ,” ಎಂದಳು. “ಇದೇ ಇರ್ಲಿ.”